ಸದ್ದಿಲ್ಲದ ಸಾವು, ಸದ್ದು ಮಾಡುವ ಸಾವು

ನಾನು ಕಾಮರ್ಸ್ ವಿದ್ಯಾರ್ಥಿ. ಜೀವಕೋಶದ ಬಗ್ಗೆ ಬರೆಯಲು ಕಾರಣ ನಮ್ಮ ದಾದಾ. ಕಳೆದ ವರ್ಷ ಅವರ ಮೂತ್ರಕೋಶದಿಂದ ಕ್ಯಾನ್ಸರ್ ಗಡ್ಡೆ ತೆಗೆದರು. ಆಮೇಲೆ ವಾರಕ್ಕೊಮ್ಮೆ ಮೂತ್ರಕೋಶದೊಳಗೆ ಬಿಸಿಜಿ ಹಾಕಿದರು. ಹುಟ್ಟಿದಾಗ ನಮ್ಮ ಎಡತೋಳಿಗೆ ಕೊಡುವ ಕ್ಷಯದ ಲಸಿಕೆ ಅದೇ. ಪ್ರತಿ ಸಲ ಉರಿ, ಚಳಿಜ್ವರ. "ಬಸ್, ಇನ್ನು ಸಾಕು" ಎಂದು ದಾದಿ ಹಠ ಹಿಡಿದರು. ಡಾಕ್ಟರು ದಾದಾರನ್ನು ಪರೀಕ್ಷಿಸಿ, "ಹೆದರಬೇಡಿ, ಈ ಉರಿಯೂತವೇ ದೇಹವನ್ನು ಎಬ್ಬಿಸುವುದು" ಎಂದರು. ಆ ಮಾತು ಅರ್ಥವಾಗದೆ ನಾನು ಬಯಾಲಜಿ ಮೇಡಂ ಹತ್ತಿರ ಹೋದೆ.

ಕಲಿತದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ನಮ್ಮ ಒಂಟಿಕೊಪ್ಪಲಿನಲ್ಲಿ ಅಂಗಡಿಯವನೊಬ್ಬ ಲೆಕ್ಕ ಚುಕ್ತಾ ಮಾಡಿ ಬಾಗಿಲು ಹಾಕಿದರೆ ಯಾರಿಗೂ ಗೊತ್ತಾಗದು. ಅಂಗಡಿಗೆ ಬೆಂಕಿ ಬಿದ್ದರೆ ಇಡೀ ಬೀದಿ ಓಡಿ ಬರುತ್ತದೆ. ಜೀವಕೋಶದ ಸಾವಿನಲ್ಲೂ ಇಂಥ ಬಗೆಗಳಿವೆ. ಅಪೊಪ್ಟೋಸಿಸ್ ಸದ್ದಿಲ್ಲದ್ದು: ಕೋಶ ಕುಗ್ಗಿ ಚೂರಾಗುತ್ತದೆ, ಚೂರುಗಳನ್ನು ಬೇರೆ ಕೋಶಗಳು ನುಂಗಿಬಿಡುತ್ತವೆ. ಪೈರೊಪ್ಟೋಸಿಸ್ ಸದ್ದು ಮಾಡುವಂಥದ್ದು. 2001ರಲ್ಲಿ ಬಂದ ಈ ಹೆಸರಿನ 'ಪೈರೊ' ಎಂದರೆ ಗ್ರೀಕಿನಲ್ಲಿ ಬೆಂಕಿ. ಇಲ್ಲಿ ಗ್ಯಾಸ್ಡರ್ಮಿನ್ ಎಂಬ ಪ್ರೋಟೀನ್ ತುಂಡಾಗಿ, ಕೋಶದ ಪೊರೆಯಲ್ಲಿ ರಂಧ್ರ ಮಾಡುತ್ತದೆ. ಕೋಶ ಊದಿ ಒಡೆದು ಒಳಗಿನದೆಲ್ಲ ಹೊರಚೆಲ್ಲುತ್ತದೆ. ಅದೇ ಅಪಾಯದ ಕೂಗು. ಅದಕ್ಕೆ ಓಡಿ ಬಂದ ರಕ್ಷಣಾ ಕೋಶಗಳು ಕ್ಯಾನ್ಸರಿನ ಗುರುತನ್ನು ಟಿ ಕೋಶಗಳಿಗೆ ತೋರಿಸುತ್ತವೆ. ಟಿ ಕೋಶಗಳು ಹುಡುಕಿ ಕೊಲ್ಲುತ್ತವೆ.

2020ರಲ್ಲಿ ಚೀನಾದ ಫೆಂಗ್ ಷಾವೊ ಮತ್ತು ಸಂಗಡಿಗರು ಇಲಿಗಳ ಸ್ತನ ಕ್ಯಾನ್ಸರಿನಲ್ಲಿ ಇದನ್ನು ತೋರಿಸಿದರು. ಗಡ್ಡೆಯ ಶೇ. 15ಕ್ಕಿಂತ ಕಡಿಮೆ ಕೋಶಗಳು ಹೀಗೆ ಸತ್ತರೂ ಇಡೀ ಗಡ್ಡೆ ಕರಗಿತು. ಟಿ ಕೋಶಗಳಿಲ್ಲದ ಇಲಿಗಳಲ್ಲಿ ಮಾತ್ರ ಕರಗಲಿಲ್ಲ. ಅಂದರೆ ಉಳಿದ ಕೆಲಸ ಮಾಡಿದ್ದು ಬೆಂಕಿಯಲ್ಲ, ಓಡಿ ಬಂದವರು. ಹಲವು ಕ್ಯಾನ್ಸರುಗಳು ಗ್ಯಾಸ್ಡರ್ಮಿನ್-ಇ ಜೀನನ್ನೇ ಬಂದ್ ಮಾಡಿಕೊಂಡಿರುತ್ತವೆ, ಕೂಗೇ ಏಳದಂತೆ.

ಬಿಸಿಜಿಯಲ್ಲಿ ಕೂಗೆಬ್ಬಿಸುವುದು ದುರ್ಬಲಗೊಳಿಸಿದ ಬ್ಯಾಕ್ಟೀರಿಯಾ. ದಾರಿ ಬೇರೆ, ತತ್ವ ಒಂದೇ. ಕೆನಡಾದ ಡಾ. ಆಲ್ವಾರೊ ಮೊರಾಲೆಸ್ 1976ರಲ್ಲೇ ಈ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದ್ದರು.

ಆದರೆ ಎಲ್ಲ ಉರಿಯೂತವೂ ಒಳ್ಳೆಯದಲ್ಲ. ವರ್ಷಗಟ್ಟಲೆ ಒಳಗೇ ಹೊಗೆಯಾಡುವ ಉರಿಯೂತ ಕ್ಯಾನ್ಸರನ್ನೇ ಬೆಳೆಸುತ್ತದೆ. ಮೂತ್ರಕೋಶದ ಕ್ಯಾನ್ಸರಿಗೆ ದೊಡ್ಡ ಕಾರಣ ಧೂಮಪಾನ. ದಾದಾ ನಲವತ್ತು ವರ್ಷ ಬೀಡಿ ಸೇದಿದವರು.

ದಾದಿ ಒಪ್ಪಿದರು. ಆರು ವಾರದ ಚಿಕಿತ್ಸೆ ಮುಗಿದಿದೆ, ಮೂರು ತಿಂಗಳಿಗೊಮ್ಮೆ ತಪಾಸಣೆ ಇದೆ. ಬೀಡಿ ಕಟ್ಟು ಈಗ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ.