ಅರ್ಧಕ್ಕೆ ನಿಂತ ಕಡತ

ಹೊಲಿಗೆಯ ತರಗತಿಯಲ್ಲಿ ನೂಲು ಕಡಿದರೆ ಹೊಲಿದುದನ್ನೆಲ್ಲ ಬಿಚ್ಚುತ್ತಿದ್ದಿರೋ? ಇಲ್ಲವಷ್ಟೆ. ಆದರೆ ಅಂತರ್ಜಾಲದ ವಿಷಯದಲ್ಲಿ ನಾವು ಹಾಗೆಯೇ ಮಾಡುತ್ತೇವೆ. ನಾಳೆ ಪರೀಕ್ಷೆಯುಳ್ಳ ಹುಡುಗಿಯು 700 ಎಂಬಿಯ ಪಾಠವೊಂದನ್ನು ಇಳಿಸಿಕೊಳ್ಳುತ್ತಿರುವಾಗ, 600 ಬಂದ ಮೇಲೆ ಸಂಪರ್ಕವು ಕಡಿಯಿತೆನ್ನಿರಿ. ಅವಳು ಬೇಸತ್ತು ಬಂದುದನ್ನು ಅಳಿಸಿ ಪುನಃ ಮೊದಲಿನಿಂದ ತೊಡಗುವಳು. ತಂದೆ ತೆತ್ತ ಡೇಟಾದ ಹಣವೂ ಅವಳ ಹೊತ್ತೂ ವ್ಯರ್ಥವಾಗುವವು.

ಇದಕ್ಕೆ 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಗಳಲ್ಲಿಯೇ ಉಪಾಯವುಂಟು. ಬಂದ ಭಾಗವನ್ನು ಅಳಿಸದೆ, ಬ್ರೌಸರಿನ ‘ರೆಸ್ಯೂಮ್’ ಗುಂಡಿಯನ್ನು ಒತ್ತಬೇಕು. ಆಗ ಅದು, ಇಂತಿಷ್ಟನೆಯ ಬೈಟಿನಿಂದ ಮುಂದಿನದನ್ನು ಕೊಡು ಎಂದು ಸರ್ವರನ್ನು ಕೇಳುವುದು. ಸರ್ವರು ಒಪ್ಪಿದರೆ 206 ಎಂಬ ಸಂಖ್ಯೆಯೊಡನೆ ಉಳಿದುದನ್ನು ಮಾತ್ರ ಕಳುಹಿಸುವುದು. 200 ಎಂದು ಉತ್ತರಿಸಿದರೆ ಕಡತವು ಮೊದಲಿನಿಂದ ಬರುವುದೆಂದು ತಿಳಿಯಬೇಕು. ಈ ಸೌಕರ್ಯವು ಎಲ್ಲಾ ಸರ್ವರುಗಳಲ್ಲಿಯೂ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಈ ನಡುವೆ ಮೂಲ ಕಡತವೇ ಬದಲಾಗಿದ್ದರೆ, ಹಳೆಯ ಅರ್ಧಕ್ಕೆ ಹೊಸ ಅರ್ಧವು ಅಂಟಿಕೊಂಡು ಎರಡೂ ಕೆಡುವ ಸಂಭವವುಂಟು. ಆದಕಾರಣ ಪ್ರಕಟಿಸಿದವರು ಶಾ-256 ಎಂಬ ತಾಳೆಯಂಕವನ್ನು ಕೊಟ್ಟಿದ್ದರೆ, ಕಡೆಯಲ್ಲಿ ಅದನ್ನು ಹೋಲಿಸಿ ನೋಡತಕ್ಕದ್ದು. ತಾಯಂದಿರೇ, ತಂದೆಗಳೇ, ಮಕ್ಕಳಿಗೆ ಇದನ್ನು ಮನೆಯಲ್ಲಿ ಒಮ್ಮೆ ಮಾಡಿ ತೋರಿಸಿರಿ.