ದಣಿವು ಕಳೆಯುವ ದನಿಗಳು

ಕೃಷ್ಣೆ ಮತ್ತು ಭೀಮೆಯರ ನಡುವೆ ಹರಡಿಕೊಂಡಿರುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೆ ಸಗರನಾಡು ಎಂದು ಹೆಸರು. ಶಹಾಪುರ ತಾಲ್ಲೂಕಿನ ಸಗರವೆಂಬ ಗ್ರಾಮವು ಇಂದಿಗೂ ಆ ಹೆಸರನ್ನು ಉಳಿಸಿಕೊಂಡು ಬಂದಿದೆ. ಎರೆಭೂಮಿ, ಬಿರುಬಿಸಿಲು, ನಂಬಿ ಕೂರಲಾಗದ ಮಳೆ, ಇವು ಈ ನಾಡಿನ ಪಾಲಿಗೆ ಬಂದ ಸಂಪತ್ತು. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆಗಳು ಹಲವು ಊರುಗಳ ಹೊಲಗಳನ್ನು ಹಸಿರಾಗಿಸಿದವು. ಆದರೆ ನೀರು ತಲುಪದ ಊರುಗಳ ಜನ ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ನಿಲ್ಲಲಿಲ್ಲ. ಹಾಗೆ ಹೊರಟವರ ಗಂಟಿನಲ್ಲಿ ಕಟಕರೊಟ್ಟಿ, ಶೇಂಗಾಹಿಂಡಿಗಳ ಜೊತೆಗೆ ಇನ್ನೊಂದು ಬುತ್ತಿಯೂ ಇರುತ್ತದೆ. ಅದಕ್ಕೆ ತೂಕವಿಲ್ಲ. ಮೊಬೈಲ್ ದೂರವಾಣಿಯೊಳಗಿನ, ಬೆರಳಿನ ಉಗುರಿನಷ್ಟು ಚಿಕ್ಕದಾದ ಒಂದು ಕಾರ್ಡಿನಲ್ಲಿ ನಾಲ್ಕಾರು ತತ್ವಪದಗಳು, ಒಂದೆರಡು ಮೊಹರಂ ಪದಗಳು, ಮತ್ತೆ ಮತ್ತೆ ಕೇಳಿ ಬಾಯಿಪಾಠವಾಗಿರುವ ಕೆಲವು ನಗೆಯ ಮಾತುಗಳು ಅಡಗಿರುತ್ತವೆ. ಹಗಲೆಲ್ಲ ಇಟ್ಟಿಗೆ ಹೊತ್ತವನು ರಾತ್ರಿ ಬುತ್ತಿಗಿಂತ ಮೊದಲು ಅದನ್ನು ಬಿಚ್ಚುವುದುಂಟು.

ದಣಿದ ಮೈಗೆ ಅನ್ನ ಬೇಕು, ನಿದ್ರೆ ಬೇಕು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ದಣಿದ ಮನಸ್ಸಿಗೆ ಏನು ಬೇಕು ಎಂಬುದನ್ನು ಸಗರನಾಡಿನ ಹಿರಿಯರು ಯಾವ ಶಾಸ್ತ್ರವನ್ನೂ ಓದದೆಯೇ ಅರಿತಿದ್ದರು. ಗುಡಿಯ ಕಟ್ಟೆಯ ಮೇಲೆಯೋ ಮಠದ ಅಂಗಳದಲ್ಲಿಯೋ ಏಕತಾರಿ ಮಿಡಿದು, ತಾಳ ಹಿಡಿದು, ದಪ್ಪು ಬಡಿದು ರಾತ್ರಿಯೆಲ್ಲ ಹಾಡುತ್ತಿದ್ದ ತತ್ವಪದಗಳೇ ಅವರ ಔಷಧ. ನೆರೆಯ ಯಡ್ರಾಮಿ ತಾಲ್ಲೂಕಿನ ಕಡಕೋಳದ ಮಡಿವಾಳಪ್ಪನವರು, ಅವರ ಪರಂಪರೆಗೆ ಸೇರಿದ ಚೆನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು, ರಾಂಪುರದ ಬಕ್ಕಪ್ಪನವರು ರಚಿಸಿದ ಪದಗಳನ್ನು ಅಕ್ಷರ ಬಾರದ ಒಕ್ಕಲಿಗನೂ ಹಾಡಬಲ್ಲನು. ಈ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಸಾಕು, ಆ ಪದಗಳ ಪಂಕ್ತಿಯಲ್ಲಿ ಯಾರ ಎಲೆಯೂ ಬೇರೆಯಾಗಿರಲಿಲ್ಲ ಎಂಬುದು ಗೊತ್ತಾಗುತ್ತದೆ. ಕೃಷ್ಣೆಯ ದಡದ ತಿಂಥಣಿಯ ಮೌನೇಶ್ವರನ ಸನ್ನಿಧಿಯಲ್ಲಿಯೂ ಅದೇ ನೋಟ. ಮೊಹರಂ ದಿನಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ ಹಾಡುವವರಲ್ಲಿ ಹಿಂದೂಗಳೆಷ್ಟು, ಮುಸಲ್ಮಾನರೆಷ್ಟು ಎಂದು ಎಣಿಸುವ ಗೋಜಿಗೆ ಅಲ್ಲಿ ಯಾರೂ ಹೋಗುವುದಿಲ್ಲ.

ಇಲ್ಲಿ ಒಂದು ಸೋಜಿಗವಿದೆ. ಮನಸ್ಸನ್ನು ಹಗುರಗೊಳಿಸುವ ಹಾಡು ಉಲ್ಲಾಸದ ಹಾಡೇ ಆಗಿರಬೇಕೆಂದು ಯಾರಾದರೂ ಭಾವಿಸಬಹುದು. ತತ್ವಪದಗಳಾದರೋ ದೇಹದ ಅನಿತ್ಯತೆಯನ್ನು, ಸಾವನ್ನು, ಸಂಸಾರದ ಜಂಜಡವನ್ನು ಕುರಿತು ಹೇಳುತ್ತವೆ. ಮೊಹರಂ ಪದಗಳಲ್ಲಿರುವುದು ಕರ್ಬಲಾದ ದುಃಖ. ಆದರೂ ಬೆಳಗಿನ ಜಾವ ಭಜನೆ ಮುಗಿಸಿ ಎದ್ದವನು ಕುಳಿತಾಗ ಇದ್ದುದಕ್ಕಿಂತ ಹಗುರಾಗಿ ಮನೆಗೆ ನಡೆಯುತ್ತಾನೆ. ತನ್ನೊಬ್ಬನದೆಂದು ತಿಳಿದಿದ್ದ ದುಃಖವು ಎಲ್ಲರದೂ ಆಗಿದೆ ಎಂದು ಅರಿತಾಗ ಅದರ ಭಾರ ಹಂಚಿಹೋಗುತ್ತದೆ. ಮೇಳದವರು ಪಲ್ಲವಿಯನ್ನು ಎತ್ತಿಕೊಳ್ಳುವ ಹೊತ್ತಿಗೆ ಹಾಡು ಒಬ್ಬನ ಕೊರಳನ್ನು ಬಿಟ್ಟು ಹತ್ತು ಕೊರಳುಗಳನ್ನು ಸೇರಿರುತ್ತದೆ.

ಅಳುವನ್ನು ಹಾಡಿಗೆ ಬಿಟ್ಟುಕೊಟ್ಟ ಈ ಜನ ನಗೆಯನ್ನು ಆಟಕ್ಕೆ ಒಪ್ಪಿಸಿದರು. ದೊಡ್ಡಾಟದಲ್ಲಿ ಕಿರೀಟ ಭುಜಕೀರ್ತಿಗಳನ್ನು ಧರಿಸಿದ ರಾಜನು ಆರ್ಭಟಿಸಿ ತನ್ನ ಪ್ರತಾಪವನ್ನು ಹೇಳಿಕೊಳ್ಳುವಾಗ, ಪಕ್ಕದಲ್ಲಿ ನಿಂತ ಸಾರಥಿಯು ಮನೆಮಾತಿನಲ್ಲಿ ಒಂದು ಪ್ರಶ್ನೆ ಕೇಳಿ ಆ ಪ್ರತಾಪದ ಗಾಳಿಯನ್ನೇ ತೆಗೆದುಬಿಡುತ್ತಾನೆ. ರಾಜನ ಭಾಷೆ ಗ್ರಂಥದ್ದು. ಸಾರಥಿಯ ಭಾಷೆ ಊರಿನದು. ನಿದ್ರೆ ತೂಗುತ್ತಿದ್ದ ಪ್ರೇಕ್ಷಕರು ಆ ಮಾತಿಗೆ ಎದ್ದು ಕುಳಿತು ನಗುತ್ತಾರೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿ, ಹಲ್ಲು ಕಾಣದ ಮುಗುಳುನಗೆಯನ್ನು ಉತ್ತಮರಿಗೂ, ಕಣ್ಣೀರು ಬರುವಂತೆ ಪಕ್ಕೆ ಹಿಡಿದುಕೊಂಡು ನಗುವುದನ್ನು ಅಧಮರಿಗೂ ಹಂಚಿದ್ದಾನೆ. ಸಾರಥಿಯು ಬಾಯಿ ತೆರೆದ ಆ ಗಳಿಗೆಯಲ್ಲಿ ಊರ ಗೌಡನಿಂದ ಹಿಡಿದು ತಳವಾರನವರೆಗೆ ಎಲ್ಲರೂ ಸಂತೋಷದಿಂದ ಅಧಮರಾಗುತ್ತಿದ್ದರು.

ಆಟವನ್ನೂ ಹಾಡನ್ನೂ ಅವು ನಡೆದ ಜಾಗದಿಂದ ಬಿಡಿಸಿ ಬೇರೆಡೆಗೆ ಒಯ್ಯುವ ವಿದ್ಯೆ ಭಾರತಕ್ಕೆ ಬಂದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಕಂಠವನ್ನು ಗ್ರಾಮಫೋನ್ ತಟ್ಟೆಯ ಮೇಲೆ ಮುದ್ರಿಸಲಾಯಿತು. ಆಕೆ ಕೊನೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ ಮಾತ್ರ. ಇರುಳಿಡೀ ಹರಿಯುತ್ತಿದ್ದ ಗಾನವು ಮೂರು ನಿಮಿಷದ ತುಣುಕಾದುದು ಆಗಲೇ. ತುಣುಕು ಎಂಬುದು ಇಂದಿನ ಮೊಬೈಲಿನ ಸೃಷ್ಟಿಯೆಂದು ತಿಳಿದವರು ಈ ಮಾತನ್ನು ಗಮನಿಸಬೇಕು. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಯಿತು. ಸಗರನಾಡಿನ ಜನ ತಮ್ಮ ಸೀಮೆಯ ಪದಗಳನ್ನು ಪೆಟ್ಟಿಗೆಯೊಳಗಿನಿಂದ ಕೇಳುವ ಕಾಲ ಬಂದಿತು. ಅದರ ಬೆನ್ನಿಗೆ ಧ್ವನಿಸುರುಳಿಗಳು ಬಂದವು. ಚಹದ ಅಂಗಡಿ, ಟಂಟಂ ವಾಹನ, ಜಾತ್ರೆಯ ಬಯಲು ಎಲ್ಲವೂ ಹಾಡತೊಡಗಿದವು.

ಧ್ವನಿಸುರುಳಿಗಳಿಂದ ಈ ಸೀಮೆಗೆ ಆದ ಒಂದು ಉಪಕಾರವನ್ನು ವಿಶೇಷವಾಗಿ ಹೇಳಬೇಕು. ಕನ್ನಡ ಚಲನಚಿತ್ರಗಳಲ್ಲಿ ಬಹುಕಾಲ ಉತ್ತರದ ಸೀಮೆಯ ಮಾತು ಕೇಳಿಸುತ್ತಿದ್ದುದು ಹೆಚ್ಚಾಗಿ ನಗಿಸುವುದಕ್ಕಾಗಿಯೇ. ನಾಯಕನು ದಕ್ಷಿಣದ ಕನ್ನಡವನ್ನಾಡಿದರೆ, ಪೆಚ್ಚನೋ ಆಳುಮಗನೋ ಆದವನು 'ಹೋಗ್ತೀನ್ರೀ, ಬರ್ತೀನ್ರೀ' ಎಂದು ಎಳೆದು ಮಾತನಾಡುತ್ತಿದ್ದನು. ತನ್ನ ತಾಯಿ ಆಡುವ ನುಡಿಯೇ ನಗೆಪಾಟಲಿಗೆ ವಸ್ತುವಾದುದನ್ನು ಕಂಡ ಹುಡುಗನು ಚಿತ್ರಮಂದಿರದಲ್ಲಿ ಎಲ್ಲರೊಡನೆ ನಕ್ಕಿರಬಹುದು. ಆದರೆ ಪಟ್ಟಣದ ಕಾಲೇಜಿಗೆ ಹೋದಾಗ ಅವನು ಬಾಯಿ ತೆರೆಯಲು ಅಂಜುತ್ತಿದ್ದನು. ನಗೆಗೆ ಮುಳ್ಳೂ ಉಂಟು. ಯಾರು ನಗುತ್ತಿದ್ದಾರೆ, ಯಾರನ್ನು ಕುರಿತು ನಗುತ್ತಿದ್ದಾರೆ ಎಂಬುದರ ಮೇಲೆ ಅದು ಹೂವೋ ಮುಳ್ಳೋ ಎಂಬುದು ನಿರ್ಧಾರವಾಗುತ್ತದೆ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರು ತಮ್ಮ ತಿಮ್ಮನ ಮೂಲಕ ದೊಡ್ಡವರ ದೊಡ್ಡಸ್ತಿಕೆಯನ್ನು ನಗೆಗೆ ಗುರಿಮಾಡಿದರು. ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟು ತಮ್ಮನ್ನೂ ಬಿಡಲಿಲ್ಲ. ಅವರ ಬರಹಗಳಿಂದ ಸ್ಫೂರ್ತಿ ಪಡೆದ ಗಂಗಾವತಿ ಪ್ರಾಣೇಶರು ಅದೇ ಸೀಮೆಯ ಆಡುಮಾತಿನಲ್ಲಿ, ವೇದಿಕೆಯ ಮೇಲೆ ನಿಂತು, ಗಂಟೆಗಟ್ಟಲೆ ಮಾತನಾಡಿದರು. ಅವರ ಮಾತುಗಳು ಧ್ವನಿಸುರುಳಿಗಳಾಗಿ ನಾಡಿನಾದ್ಯಂತ ಸಂಚರಿಸಿದವು. ಹಿಂದೆ ಯಾವ ನುಡಿಯನ್ನು ಕೇಳಿ ಇತರರು ನಗುತ್ತಿದ್ದರೋ ಆ ನುಡಿಯೇ ಈಗ ಇತರರನ್ನು ನೋಡಿ ನಗತೊಡಗಿತು. ಬೆಂಗಳೂರಿನ ಸಭಾಂಗಣವೂ ಆ ನುಡಿಗೆ ಚಪ್ಪಾಳೆ ತಟ್ಟಿತು. ಸಾರಥಿಯು ಕೊನೆಗೂ ರಾಜಧಾನಿಯನ್ನು ಸೇರಿದನೆನ್ನಬಹುದು.

ಒಮ್ಮೆ ಕೇಳಿದ ಹಾಡನ್ನೇ ನೂರು ಬಾರಿ ಏಕೆ ಕೇಳಬೇಕು? ಈ ಪ್ರಶ್ನೆಗೆ ವಿಜ್ಞಾನವು ಸ್ವಲ್ಪಮಟ್ಟಿಗೆ ಉತ್ತರ ಹೇಳಿದೆ. 2011ರಲ್ಲಿ ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಮೈನವಿರೇಳಿಸುವಂತಹ ಮೆಚ್ಚಿನ ಸಂಗೀತವನ್ನು ಕೇಳುವಾಗ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವು ಬಿಡುಗಡೆಯಾಗುವುದನ್ನು ತೋರಿಸಿದರು. ಆ ಉತ್ಕಟ ಗಳಿಗೆಯಲ್ಲಿ ಮಾತ್ರವಲ್ಲ, ಅದು ಬರಲಿದೆ ಎಂದು ಕಾಯುವಾಗಲೂ, ಮಿದುಳಿನ ಬೇರೊಂದು ಭಾಗದಲ್ಲಿ, ಅದು ಒಸರುತ್ತದೆ. ಅಪರಿಚಿತ ಹಾಡಿಗಾಗಿ ಕಾಯುವುದು ಸಾಧ್ಯವಿಲ್ಲ. ಪರಿಚಿತವಾದುದಕ್ಕೆ ಮಾತ್ರ ಕಾಯಬಹುದು. ಪಲ್ಲವಿ ಬರುವ ಮುನ್ನವೇ ತಾಳ ಹಿಡಿದವನ ತಲೆ ತೂಗುವುದಕ್ಕೆ ಕಾರಣವು ಇಲ್ಲಿ ದೊರೆಯುತ್ತದೆ.

ನಗೆಯ ವಿಷಯದಲ್ಲಿ ಅಮೆರಿಕದ ಪತ್ರಿಕಾ ಸಂಪಾದಕ ನಾರ್ಮನ್ ಕಸಿನ್ಸ್ ಅವರ ಕಥೆ ಪ್ರಸಿದ್ಧವಾಗಿದೆ. 1964ರಲ್ಲಿ ಕೀಲುಗಳನ್ನು ಬಿಗಿಯುವ ಘೋರ ವ್ಯಾಧಿಗೆ ತುತ್ತಾದ ಅವರು ಹಾಸ್ಯಚಿತ್ರಗಳನ್ನು ತರಿಸಿ ನೋಡಿದರು. ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆಗಳ ಕಾಲ ನೋವಿಲ್ಲದ ನಿದ್ರೆ ಬರುತ್ತಿತ್ತೆಂದು 1976ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಇದು ಒಬ್ಬ ರೋಗಿಯ ಅನುಭವ. ನಗೆಯೊಂದೇ ಅವರನ್ನು ಗುಣಪಡಿಸಿತೆನ್ನಲು ಆಧಾರ ಸಾಲದು. ನಗೆಯನ್ನು ನಂಬಿ ಔಷಧವನ್ನು ಬಿಟ್ಟವನು ಜಾಣನಲ್ಲ. ಆದರೆ 2011ರಲ್ಲಿ ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, ಇತರರೊಡನೆ ಕುಳಿತು ನಕ್ಕವರ ನೋವು ಸಹಿಸುವ ಶಕ್ತಿಯು ಹೆಚ್ಚಿದುದು ಕಂಡುಬಂದಿತು. ಇನ್ನೊಬ್ಬ ವಿಜ್ಞಾನಿ ರಾಬರ್ಟ್ ಪ್ರೊವೈನ್ ಅವರು, ಮನುಷ್ಯನು ಒಂಟಿಯಾಗಿರುವಾಗ ನಗುವುದಕ್ಕಿಂತ ಜೊತೆಯಲ್ಲಿರುವಾಗ ಮೂವತ್ತು ಪಟ್ಟು ಹೆಚ್ಚಾಗಿ ನಗುತ್ತಾನೆಂದು ಲೆಕ್ಕ ಹಾಕಿದರು.

ಮೊಬೈಲಿನ ತೊಡಕು ಇರುವುದು ಇಲ್ಲಿಯೇ. ದೊಡ್ಡಾಟದ ನಗೆಗೆ ಊರೆಲ್ಲ ಬೇಕಾಗಿತ್ತು. ರೇಡಿಯೋಗೆ ಒಂದು ಮನೆ ಸಾಕಾಯಿತು. ಕಿವಿಗೆ ಸಿಕ್ಕಿಸಿಕೊಳ್ಳುವ ಎಳೆಗೆ ಒಬ್ಬನೇ ಸಾಕು. ಒಂದೇ ಕೋಣೆಯಲ್ಲಿ ನಾಲ್ವರು ಮಲಗಿ, ನಾಲ್ಕು ಬೇರೆ ಬೇರೆ ತುಣುಕುಗಳಿಗೆ ಬೇರೆ ಬೇರೆ ಸಮಯಕ್ಕೆ ಮುಗುಳ್ನಗುವ ದೃಶ್ಯವು ಈಗ ಅಪರೂಪವಲ್ಲ. ಭರತನ ಲೆಕ್ಕದಲ್ಲಿ ಅವರು ಉತ್ತಮರಾದರೆನ್ನಬೇಕೋ ಏನೋ!

ಆದರೆ ಗುಳೆ ಹೋದವರ ತಗಡಿನ ಶೆಡ್ಡುಗಳಲ್ಲಿ ಮೊಬೈಲು ಇನ್ನೂ ಹಳೆಯ ಕಟ್ಟೆಯ ಕೆಲಸವನ್ನೇ ಮಾಡುತ್ತಿದೆ. ಅರ್ಧ ಕಟ್ಟಿದ ಬಹುಮಹಡಿಯ ನೆರಳಿನಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ ಜೋಳದ ರೊಟ್ಟಿ ಬೇಯುವ ಹೊತ್ತಿಗೆ ಯಾರೋ ಒಬ್ಬನು ಮೊಬೈಲನ್ನು ಹೊರತೆಗೆದು ಖಾಲಿ ಸ್ಟೀಲಿನ ಪಾತ್ರೆಯೊಳಗೆ ಇಡುತ್ತಾನೆ. ಪಾತ್ರೆಯ ಗೋಡೆಗಳಿಗೆ ತಾಗಿ ದನಿ ಮೇಲೇಳುತ್ತದೆ. ಮೊದಲು ಒಂದು ನಗೆಯ ಮಾತು. ಅದರ ಕೊನೆಯ ಪದವನ್ನು ಮೊಬೈಲು ಹೇಳುವ ಮುನ್ನವೇ ಮಕ್ಕಳು ಕೂಗಿ ಹೇಳಿಬಿಡುತ್ತಾರೆ. ಆಮೇಲೆ ಏಕತಾರಿಯ ಮಿಡಿತ. ರೊಟ್ಟಿ ಬಡಿಯುತ್ತಿದ್ದ ಮುದುಕಿಯ ಕೈ ತಾಳಕ್ಕೆ ಹೊಂದಿಕೊಳ್ಳುತ್ತದೆ. ಪಲ್ಲವಿ ಬಂದಾಗ ಗಾರೆ ಮೆತ್ತಿದ ಕೈಯನ್ನು ಕಿವಿಗೆ ಆನಿಸಿ ಒಬ್ಬನು ದನಿ ಎತ್ತುತ್ತಾನೆ. ಪಕ್ಕದ ಶೆಡ್ಡಿನಿಂದ ಇನ್ನೊಬ್ಬನು ಕೂಡಿಕೊಳ್ಳುತ್ತಾನೆ. ಪಾತ್ರೆಯೊಳಗಿನ ಮೊಬೈಲು ಹಾಡುತ್ತಲೇ ಇರುತ್ತದೆ. ಅದರ ದನಿ ಯಾರಿಗೂ ಕೇಳಿಸುವುದಿಲ್ಲ.