ಊರಿಗೆ ಹೋದ ಹುಡುಗ ಮರಳಿ ಬಂದರೆ

ಮಗಾ, ಡೊಂಬಿವಲಿಯ ಹೋಟೆಲಲ್ಲಿ ಗಲ್ಲಾ ಮೇಲೆ ಕೂತು ಆರು ತಿಂಗಳಾಯಿತು, ಮ್ಯಾನೇಜರ್ ಅನ್ನಿಸಿಕೊಂಡರೂ ಸುಖವಿಲ್ಲ ಮಾವ ಅಂದೆಯಲ್ಲ. ಬೆಳಿಗ್ಗೆ ಲೋಕಲ್ ರೈಲು ಹಿಡಿಯುವವರಿಗೆ ಇಡ್ಲಿ ತಡವಾದರೆ ಬೈಗುಳ, ರಾತ್ರಿ ಲೆಕ್ಕ ತಪ್ಪಿದರೆ ಮಾಲೀಕ ಸೇಟರ ಸಿಡುಕು ಮುಖ. ಗೊತ್ತು. ಥಾಣೆ, ವಾಶಿಗಳಲ್ಲಿ ಮೂವತ್ತು ವರ್ಷ ಅದೇ ಕುರ್ಚಿ ಸವೆಸಿದವನು ನಾನು.

ನಮ್ಮ ಕಾಲದವರು ಹೋಟೆಲಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು, ಕ್ಲೀನರ್, ಮಾಣಿ, ಗಲ್ಲಾ, ಆಮೇಲೆ ಸ್ವಂತ ಹೋಟೆಲು ಎಂದು ಮೆಟ್ಟಿಲು ಎಣಿಸುತ್ತಿದ್ದೆವು. 1942ರಲ್ಲಿ ಮಾಟುಂಗಾದಲ್ಲಿ ಬೋರ್ಡಿಂಗ್ ತೆರೆದ ರಾಮ ನಾಯಕರೂ ಅಡುಗೆಮನೆಯಲ್ಲಿ ದುಡಿದೇ ಮೇಲೆ ಬಂದವರು. ಈಗ ಡಿಪಾಸಿಟ್ಟು, ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಸ್ವಂತದ್ದಾದ ಮೇಲೆ ಸುಖ ಎಂದು ಕಾಯಬೇಡ. ನಾನು ಕಾದೆ. ಹೋಟೆಲಾಗಲಿಲ್ಲ, ಮಕ್ಕಳು ಮಲಗಿದ್ದನ್ನು ನೋಡಿದ್ದೇ ಬಂತು.

ಗಲ್ಲಾದ ದುಡ್ಡು ನಮ್ಮದಲ್ಲ, ಅದರಿಂದ ಸಂತೋಷ ಅಳೆಯಲಾಗದು. ನಾನು ಕಂಡುಕೊಂಡ ಅಳತೆ ಒಂದೇ: ರಜೆಗೆ ಊರಿಗೆ ಹೋದ ಹುಡುಗ ನಿನ್ನ ಹತ್ತಿರವೇ ಮರಳುತ್ತಾನೆಯೇ? 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದ ಮೇಲೆ ನಮ್ಮ ಹುಡುಗರು ಮತ್ಸ್ಯಗಂಧ ರೈಲಿನಿಂದ ಥಾಣೆಯಲ್ಲಿಳಿದು, ಹಲಸಿನ ಹಪ್ಪಳದ ಕಟ್ಟಿನೊಂದಿಗೆ ನೇರ ಹೋಟೆಲಿಗೇ ಬರುತ್ತಿದ್ದರು. ನಿನ್ನವರು ಒಡಿಶಾ, ಜಾರ್ಖಂಡದವರು, ಕಲ್ಯಾಣ್‌ನಲ್ಲಿ ಇಳಿಯುತ್ತಾರೆ. ಪಕ್ಕದ ಹೋಟೆಲಿನವರು ಐನೂರು ರೂಪಾಯಿ ಹೆಚ್ಚು ಕೊಡುತ್ತೇವೆ ಅಂದರೂ ನಿನ್ನ ಬಾಗಿಲಿಗೆ ಬಂದರೆ, ಅವತ್ತು ನಿನಗೆ ಒಳ್ಳೆಯ ನಿದ್ದೆ.

ಅದಕ್ಕೆ ದೊಡ್ಡ ವಿದ್ಯೆ ಬೇಡ. ಹುಡುಗರಿಗೂ ಗಿರಾಕಿಯ ಸಾರಿನ ಪಾತ್ರೆಯಿಂದಲೇ ಬಡಿಸು. ತಟ್ಟೆ ಒಡೆದವನನ್ನು ಗಿರಾಕಿಯ ಎದುರು ಬೈಯಬೇಡ. ಸಂಬಳದ ತಾರೀಖು ತಪ್ಪದಂತೆ ಸೇಟರಲ್ಲಿ ಹಟ ಹಿಡಿ. ಅದೂ ನಿನ್ನ ಕೆಲಸವೇ.

ಮಹಾರಾಷ್ಟ್ರದ 2017ರ ಅಂಗಡಿ ಕಾಯ್ದೆ, 2025ರ ತಿದ್ದುಪಡಿಯ ತನಕ, ಹತ್ತು ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಕಡೆ ದಿನಕ್ಕೆ 9 ಗಂಟೆಯ ಕೆಲಸ, ವಾರಕ್ಕೊಂದು ರಜೆ ಎನ್ನುತ್ತಿತ್ತು. ಈಗಲೂ ಅಷ್ಟನ್ನು ಹುಡುಗರಿಗೆ ಕೊಡು. ಮೇಲ್ವಿಚಾರಣೆಯವರನ್ನು ಅದೇ ಕಾಯ್ದೆ ಈ ಲೆಕ್ಕದಿಂದ ಹೊರಗಿಟ್ಟಿದೆ. ಹಾಗಾಗಿ ನಿನ್ನ ರಜೆಯನ್ನು ನೀನೇ ಬಾಯಿಬಿಟ್ಟು ಕೇಳಬೇಕು. ನೀನಿಲ್ಲದ ದಿನವೂ ಹೋಟೆಲು ನಡೆಯಿತೆಂದು ಹೆದರಬೇಡ, ನಡೆಸುವವರನ್ನು ತಯಾರು ಮಾಡಿದ್ದು ನೀನೇ.

ಆ ರಜೆಯಲ್ಲಿ ಮಗಳನ್ನು ಥಾಣೆಯ ತಲಾವ್‌ಪಾಳಿ ಕೆರೆದಂಡೆಗೆ ಕರೆತಾ. ಅವಳು ಎಚ್ಚರವಾಗಿರುವಾಗ ನೀನು ಅವಳನ್ನು ನೋಡು.